ಚೀಟಿ ಹಿಡಿದು ಬಂದವರ ಬೆಂಗಳೂರು

ಅರಸೀಕೆರೆಯಲ್ಲಿ ನಾನು ಹುಡುಗನಾಗಿದ್ದಾಗ ಬೆಂಗಳೂರಿಗೆ ಹೊರಟವರೆಲ್ಲ ಹಿಂದಿನ ದಿನ ಸಂಜೆ ಪೇಟೆ ಬೀದಿಯ ಜವಳಿ ಅಂಗಡಿಗೆ ಒಮ್ಮೆ ಹೋಗಿ ಬರುತ್ತಿದ್ದರು. ಅಂಗಡಿಯ ಯಜಮಾನರು ಹಬ್ಬಕ್ಕೆ, ಲಗ್ನದ ಕಾಲಕ್ಕೆ ಮಾಲು ತರಲು ಚಿಕ್ಕಪೇಟೆಗೆ ಹೋಗುವವರು. ಅಲ್ಲಿನ ಗಲ್ಲಿಗಲ್ಲಿಯೂ ಅವರಿಗೆ ಗೊತ್ತು. ಹೋದವರು ಬಾಯಿ ಬಿಡುವ ಮೊದಲೇ ಅವರ ಪ್ರಶ್ನೆ ಶುರುವಾಗುತ್ತಿತ್ತು. “ಎಷ್ಟ್ ಜನ ಹೋಗ್ತಿದೀರಿ? ಹೆಂಗಸರಿದ್ದಾರಾ? ಆಸ್ಪತ್ರೆ ಕೆಲಸಾನೋ, ಮದುವೆ ಜವಳೀನೋ? ಕೈಯಲ್ಲಿ ಎಷ್ಟಿದೆ?” ಇಷ್ಟನ್ನೂ ತಿಳಿದುಕೊಂಡ ಮೇಲೆ ಹಳೇ ಬಿಲ್ಲಿನ ಹಿಂಬದಿಯಲ್ಲಿ ಒಂದು ಚೀಟಿ ಬರೆಯುತ್ತಿದ್ದರು. ಎಲ್ಲಿ ಉಳಿಯಬೇಕು, ಎಲ್ಲಿ ಕೊಳ್ಳಬೇಕು, ಎಲ್ಲಿ ತಿನ್ನಬೇಕು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಕೊನೆಯ ಸಾಲು ಮಾತ್ರ ಎಲ್ಲ ಚೀಟಿಯಲ್ಲೂ ಒಂದೇ: “ನಮ್ಮ ಹೆಸರು ಹೇಳಿ.”

ಆ ಚೀಟಿ ಜೇಬಿನಲ್ಲಿದ್ದರೆ ಅಪ್ಪನಿಗೆ ಧೈರ್ಯ. ಮೀಟರ್ ಗೇಜ್ ಗಾಡಿ ತಿಪಟೂರು, ಗುಬ್ಬಿ, ತುಮಕೂರು ದಾಟಿ ಬೆಂಗಳೂರು ಮುಟ್ಟುವಷ್ಟರಲ್ಲಿ ಅದನ್ನು ಎಷ್ಟೋ ಸಲ ತೆಗೆದು ನೋಡುತ್ತಿದ್ದರು. ಗುಬ್ಬಿ ಬಂದಾಗಲೆಲ್ಲ ತೋಟದಪ್ಪನವರ ಮಾತು ಬಾರದೆ ಇರುತ್ತಿರಲಿಲ್ಲ. ಈ ಊರಿನ ಹೆಸರು ಹೊತ್ತ ವರ್ತಕರು ಬೆಂಗಳೂರು ರೈಲ್ವೆ ಸ್ಟೇಷನ್ನಿನ ಎದುರಿಗೇ 1897ರಲ್ಲಿ ಜಾಗ ಕೊಂಡು, ದೂರದಿಂದ ಬಂದವರು ತಂಗಲೆಂದು ಛತ್ರ ಕಟ್ಟಿಸಿದರು ಎನ್ನುವುದನ್ನು ಅಪ್ಪ ತಮ್ಮ ಮನೆಯವರೇ ಮಾಡಿದ ಕೆಲಸ ಎಂಬಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು. ಇಳಿದ ಕೂಡಲೇ ಕಣ್ಣೆದುರು ಒಂದು ಛತ್ರವಿದೆ ಎಂಬ ಭರವಸೆಯೇ ಎಷ್ಟೋ ಬಡ ಪ್ರಯಾಣಿಕರನ್ನು ರೈಲು ಹತ್ತಿಸುತ್ತಿತ್ತು. ಛತ್ರಗಳೆಂದರೆ ಬೆಂಗಳೂರಿಗೆ ಹೊಸದಲ್ಲ. ಮೆಜೆಸ್ಟಿಕ್ ಮಗ್ಗುಲಲ್ಲೇ ಸುಬೇದಾರ್ ಛತ್ರಂ ರಸ್ತೆಯಿದೆ. ವಿಶ್ವೇಶ್ವರಪುರದಲ್ಲಿ ಸಜ್ಜನರಾಯರ ಛತ್ರವಿದೆ.

ಸ್ವಲ್ಪ ಅನುಕೂಲವಿದ್ದವರಿಗೆ ಗಾಂಧಿನಗರದ ಲಾಡ್ಜು. “ಆಟೋದವರನ್ನ ಲಾಡ್ಜ್ ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ, ನಡೆದೇ ಹೋಗಿ” ಎಂದು ಚೀಟಿಯಲ್ಲಿ ಅಡಿಗೆರೆ ಹಾಕಿರುತ್ತಿತ್ತು. ಕೌಂಟರಿನಲ್ಲಿ ಉದ್ದನೆಯ ರಿಜಿಸ್ಟರು, ಗೋಡೆಯ ಮೇಲೆ ದೇವರ ಪಟ, ಅದರ ಕೆಳಗೆ “ಬಿಸಿನೀರು ಬೆಳಿಗ್ಗೆ 6ರಿಂದ 8” ಎಂಬ ಬೋರ್ಡು. ಯಜಮಾನರ ಹೆಸರು ಹೇಳಿದರೆ ಮ್ಯಾನೇಜರು ತಲೆಯೆತ್ತಿ ನೋಡಿ, “ಅರಸೀಕೆರೆಯವರಾ? ಹಿಂದ್ಗಡೆ ರೂಮು ಕೊಡ್ತೀನಿ, ಬಸ್ಸಿನ ಸದ್ದಿರಲ್ಲ” ಎನ್ನುತ್ತಿದ್ದರು. ರಾತ್ರಿ ಎರಡನೇ ಆಟದ ಸಿನಿಮಾ ಬಿಟ್ಟಾಗ ಕೆಂಪೇಗೌಡ ರಸ್ತೆಯಿಂದ ಕೇಳಿಬರುತ್ತಿದ್ದ ಜನರ ಗದ್ದಲ ಮಾತ್ರ ಹಿಂದಿನ ರೂಮಿಗೂ ತಪ್ಪುತ್ತಿರಲಿಲ್ಲ. ಈಗ ಆ ಸುತ್ತಮುತ್ತ ಸಾಗರ್ ಚಿತ್ರಮಂದಿರವಿಲ್ಲ, ಕಪಾಲಿಯೂ ಇಲ್ಲ. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ಸಿನಿಮಾ ನೋಡುತ್ತಿದ್ದ ಕಪಾಲಿ ಚಿತ್ರಮಂದಿರ 1968ರಲ್ಲಿ ಶುರುವಾಗಿ, 2017ರಲ್ಲಿ ಬಾಗಿಲು ಹಾಕಿತು.

ಚೀಟಿಯ ನಿಜವಾದ ಬೆಲೆ ತಿಳಿಯುತ್ತಿದ್ದುದು ಚಿಕ್ಕಪೇಟೆಯಲ್ಲಿ. ಬೆಂಗಳೂರು ಪೇಟೆಯೆಂದರೆ ಒಂದೊಂದು ವಸ್ತುವಿಗೆ ಒಂದೊಂದು ಬೀದಿ. ಧಾನ್ಯಕ್ಕೆ ತರಗುಪೇಟೆ, ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ವಾದ್ಯಗಳಿಗೂ ಮದುವೆ ಸಾಮಾನಿಗೂ ಬಳೇಪೇಟೆ, ಪುಸ್ತಕಕ್ಕೆ ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆ. ಹೊಸಬರು ಕಾಲಿಟ್ಟರೆ ದಿಕ್ಕು ತಪ್ಪುವ ಜಾಗ. ನಮ್ಮ ಕೈಯಲ್ಲಿ ಚೀಟಿ ಇತ್ತು. ಅಕ್ಕನ ಮದುವೆ ಸೀರೆಗೆಂದು ಹೋದಾಗಿನದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕಡಿದಾದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಗೋಡೆಯಿಂದ ಗೋಡೆಗೆ ಹಾಸಿದ್ದ ಬಿಳಿ ಗಾದಿಯ ಮೇಲೆ ಕೂತೆವು. ಅಂಗಡಿಯವರು ಚೀಟಿ ಓದಿ, ಮಡಿಚಿ, ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಅಲ್ಲಿ ಅಂಥ ಚೀಟಿಗಳು ಬೇಕಾದಷ್ಟಿದ್ದವು. ಶಿರಾದವರದ್ದು, ಕಡೂರಿನವರದ್ದು, ಚನ್ನರಾಯಪಟ್ಟಣದವರದ್ದು. ಆಮೇಲೆ ಕಾಫಿ ಬಂತು. ಕಾಫಿ ಮುಗಿಯುವ ತನಕ ಒಂದು ಸೀರೆಯನ್ನೂ ಬಿಚ್ಚಲಿಲ್ಲ. ಮಳೆ ಹೇಗಿದೆ, ತೆಂಗಿನ ಫಸಲು ಹೇಗಿದೆ ಎಂದೇ ಕೇಳಿದರು.

ನಂತರ ಶುರುವಾಯಿತು. ಕಂಚಿ, ಧರ್ಮಾವರಂ, ಮೊಳಕಾಲ್ಮೂರು ಒಂದರ ಮೇಲೊಂದು ಬಿಚ್ಚಿಕೊಂಡವು. ಅಮ್ಮನಿಗೆ ನೇರಳೆ ಬಣ್ಣದ ಒಂದು ಸೀರೆಯ ಮೇಲೆ ಮನಸ್ಸು ಬಿತ್ತು. ಅಂಗಡಿಯವರು ಅಂಚಿನಲ್ಲಿ ಬಿಟ್ಟಿದ್ದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟರು. ಕೂದಲು ಸುಟ್ಟ ವಾಸನೆ ಬಂತು. ಉಳಿದ ಕರಿ ಬೂದಿಯನ್ನು ಎರಡು ಬೆರಳಿನಲ್ಲಿ ಹಿಸುಕಿ ಪುಡಿ ಮಾಡಿ ಅಮ್ಮನಿಗೆ ತೋರಿಸಿದರು. “ರೇಷ್ಮೆ ಅಪ್ಪಟ ತಾಯಿ. ಆದ್ರೆ ಜರಿ ಅಷ್ಟೊಂದು ಚೆನ್ನಾಗಿಲ್ಲ, ಕಪ್ಪಾಗುತ್ತೆ. ಮಗಳ ಮದುವೆಗೆ ಬೇಡ, ಬೀಗರ ಕಡೆಯವರಿಗೆ ಉಡುಗೊರೆ ಕೊಡೋದಾದ್ರೆ ತಗೊಳ್ಳಿ” ಎಂದರು. ಮಾರುವವರೇ ತಮ್ಮ ಮಾಲನ್ನು ಬೇಡ ಎಂದದ್ದನ್ನು ನಾನು ಅಂದು ಮೊದಲ ಸಲ ಕಂಡೆ. ಇದಕ್ಕೆ ಕಾರಣ ಗಾಜಿನ ಕೆಳಗಿದ್ದ ಚೀಟಿ. ನಮಗೆ ಕೆಟ್ಟ ಸೀರೆ ಕೊಟ್ಟರೆ ಆ ಮಾತು ಅರಸೀಕೆರೆಗೆ ಹೋಗುತ್ತದೆ. ಅಲ್ಲಿಂದ ಮುಂದಿನ ಮಾಲಿಗೆ ಬರುವ ಯಜಮಾನರು ಈ ಗಾದಿಯ ಮೇಲೇ ಕೂತು ಕೇಳುತ್ತಾರೆ. ಸೀರೆ ಕೆಟ್ಟರೆ ಅಪ್ಪ ಯಜಮಾನರ ಅಂಗಡಿಗೆ ಹೋಗಿ ಮುಖ ಗಂಟಿಕ್ಕಿಕೊಂಡು ನಿಲ್ಲಬಹುದು. ಶಿಫಾರಸು ಮಾಡಿದವರ ಮರ್ಯಾದೆಯೂ ಆ ಸೀರೆಯ ಜೊತೆ ತಕ್ಕಡಿಯಲ್ಲಿರುತ್ತಿತ್ತು.

ಊಟ ತಿಂಡಿಯ ವಿಷಯದಲ್ಲಂತೂ ಯಜಮಾನರು ಡಾಕ್ಟರರ ಹಾಗೆ ಆಳು ನೋಡಿ ಬರೆಯುತ್ತಿದ್ದರು. ಹೊಟ್ಟೆ ಸರಿಯಿಲ್ಲದ ನಮ್ಮ ದೊಡ್ಡಪ್ಪನಿಗೆ “ದೋಸೆ ಕಡೆ ಹೋಗಬೇಡಿ, ಶಂಕರಪುರದಲ್ಲಿ ಇಡ್ಲಿ ತಿನ್ನಿ” ಎಂದು ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕಳಿಸುತ್ತಿದ್ದರು. 1965ರಲ್ಲಿ ಶುರುವಾದ ಆ ಪುಟ್ಟ ಹೋಟೆಲಿನಲ್ಲಿ ಇಂದಿಗೂ ಸಾಂಬಾರ್ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಎಷ್ಟು ಬೇಕಾದರೂ ಚಟ್ನಿ. ನಮ್ಮಂಥ ಹುಡುಗರಿದ್ದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ಭುಜದವರೆಗೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಜನರ ನಡುವೆ ನುಸುಳಿ ಬರುವ ಮಾಣಿಯನ್ನು ನೋಡುತ್ತಾ ದೋಸೆಯನ್ನೇ ಮರೆತಿದ್ದೇನೆ. ಹೊಸದಾಗಿ ಮದುವೆಯಾದವರಿಗೆ, ಬೀಗರ ಜೊತೆ ಹೋಗುವವರಿಗೆ ಎಂ.ಟಿ.ಆರ್. “ಕಾಯಬೇಕಾಗುತ್ತೆ, ಹಸಿದುಕೊಂಡು ಹೋಗಬೇಡಿ” ಎಂಬ ಎಚ್ಚರಿಕೆಯ ಜೊತೆಗೆ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಬಳಿ ಶುರುಮಾಡಿದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಅಲ್ಲೇ. ಇವತ್ತು ರವೆ ಇಡ್ಲಿ ಇಲ್ಲದ ಊರಿಲ್ಲ.

ಓದುವ ಚಟ ಹತ್ತಿಸಿಕೊಂಡು ಕಾಲೇಜಿಗೆಂದು ನಾನೇ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಇದೇ ಬಗೆಯ ಇನ್ನೊಬ್ಬರನ್ನು ಕಂಡೆ. ಚರ್ಚ್ ಸ್ಟ್ರೀಟ್ ಮಗ್ಗುಲಿನ ಪ್ರೀಮಿಯರ್ ಬುಕ್‌ಶಾಪಿನ ಟಿ. ಎಸ್. ಶಾನಭಾಗರು. ಆಚೀಚೆ ಇಬ್ಬರು ಸರಾಗವಾಗಿ ಓಡಾಡಲಾಗದ ಅಂಗಡಿ. ನೆಲದಿಂದ ಸೂರಿನವರೆಗೆ ಪುಸ್ತಕದ ರಾಶಿ. ಒಂದನ್ನು ಎಳೆದರೆ ಎಲ್ಲ ಮೈಮೇಲೆ ಬೀಳುತ್ತದೇನೋ ಎಂಬ ಭಯ. ಯಾವ ಪುಸ್ತಕ ಯಾವ ರಾಶಿಯಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತು. ಹೋದ ಸಲ ನೀವೇನು ಕೊಂಡಿರಿ ಎಂಬ ನೆನಪಿಟ್ಟುಕೊಂಡು, ಮಾತಿಲ್ಲದೆ ಇನ್ನೊಂದನ್ನು ಕೈಗಿಡುತ್ತಿದ್ದರು. ಕೇಳದೆಯೇ ಬೆಲೆಯಲ್ಲಿ ಸೋಡಿ ಬಿಡುತ್ತಿದ್ದರು. 1971ರಲ್ಲಿ ತೆರೆದ ಆ ಅಂಗಡಿ 2009ರಲ್ಲಿ ಮುಚ್ಚಿತು. ಅದೇ ವರ್ಷ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಕೂಡ ತನ್ನ ಹಳೇ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಪುಸ್ತಕ ಕೊಂಡು, ಎದ್ದು ಹೋಗೆಂದು ಯಾರೂ ಹೇಳದ ಆ ಕಾಫಿ ಹೌಸಿನಲ್ಲಿ ಕೂತು ಮೊದಲ ಪುಟ ತಿರುವುತ್ತಿದ್ದ ನಮ್ಮಂಥವರಿಗೆ ಒಂದೇ ವರ್ಷದಲ್ಲಿ ಎರಡು ಏಟು. ಶಾನಭಾಗರು 2021ರಲ್ಲಿ ತೀರಿಕೊಂಡರು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಚೀಟಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಪೇಟೆ ಬೀದಿಯ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂರುವ ಸಲಿಗೆ ಇದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. ಊರಾಚೆಯ ಕೇರಿಯಿಂದ ಬೆಂಗಳೂರಿಗೆ ಹೊರಟವರಿಗೆ ಯಾರು ಬರೆದುಕೊಟ್ಟರು? ಎಷ್ಟೋ ಛತ್ರಗಳಲ್ಲಿ, ಊಟದ ಮನೆಗಳಲ್ಲಿ “ಯಾವೂರು?” ಎಂಬ ಪ್ರಶ್ನೆಯ ಬೆನ್ನಿಗೇ “ಯಾವ ಜನ?” ಎಂಬ ಪ್ರಶ್ನೆಯೂ ಬರುತ್ತಿತ್ತು. ಒಂಟಿ ಹೆಣ್ಣುಮಗಳು ಲಾಡ್ಜಿಗೆ ಹೋದರೆ ರೂಮಿಲ್ಲ ಎನ್ನುತ್ತಿದ್ದರು. ಈಗ ನನ್ನ ತಂಗಿಯ ಮಗಳು ರಾತ್ರಿ ಹನ್ನೊಂದಕ್ಕೆ ರೈಲಿಳಿದು, ಫೋನಿನಲ್ಲೇ ರೂಮು ಹಿಡಿದು, ಅದರಲ್ಲೇ ಗಾಡಿ ಕರೆಸಿಕೊಂಡು ಹೋಗುತ್ತಾಳೆ. ನೀನು ಯಾರ ಕಡೆಯವಳು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಅದು ದೊಡ್ಡ ಬಿಡುಗಡೆ. ಆ ಬಿಡುಗಡೆಯನ್ನು ವಾಪಸು ಕೊಡಿ ಎಂದು ಹೇಳುವ ಮನಸ್ಸು ನನಗಿಲ್ಲ.

ಆದರೂ ಅವಳ ಮದುವೆ ಜವಳಿಗೆ ಜೊತೆಗೆ ಹೋದಾಗ ನನ್ನ ಕರುಳು ಚುರುಕ್ ಎಂದಿತು. ಮೆಟ್ರೋ ಹತ್ತಿ ಚಿಕ್ಕಪೇಟೆಯ ನೆಲದಡಿಯಲ್ಲೇ ಇಳಿದೆವು. ಆ ಇಕ್ಕಟ್ಟಿನ ಪೇಟೆಗೆ 2017ರಲ್ಲಿ ಬಂದ ಸೌಕರ್ಯ ಅದು, ಕೈಮುಗಿಯಬೇಕು. ಮೇಲೆ ಬಂದ ಮೇಲೆ ಹುಡುಗಿ ಅಂಗಡಿಗಳ ಮುಖ ನೋಡಲೇ ಇಲ್ಲ. ಫೋನು ನೋಡಿದಳು. ಈ ಅಂಗಡಿಗೆ ನಾಲ್ಕೂಕಾಲು ನಕ್ಷತ್ರ, ಆ ಅಂಗಡಿಗೆ ನಾಲ್ಕೂವರೆ. ನಕ್ಷತ್ರ ಕೊಟ್ಟವರು ಯಾರು, ಅವರು ಕೊಂಡದ್ದು ಧಾರೆ ಸೀರೆಯೋ ಕರ್ಚೀಫೋ ಯಾರಿಗೂ ತಿಳಿಯದು. ಕೆಟ್ಟ ಸೀರೆ ಬಂದರೆ ಹೋಗಿ ಕೇಳೋಣವೆಂದರೆ ಅವರ ಮನೆ ಯಾವುದು? ಒಳಗೆ ಹೋದರೆ ಮಾರುವ ಹುಡುಗನೂ ಪಾಪ, ಸಂಜೆಯೊಳಗೆ ಇಷ್ಟು ಮಾರಬೇಕೆಂಬ ಒತ್ತಡದಲ್ಲಿದ್ದ. ಅವನು ತೋರಿಸಿದ್ದೆಲ್ಲ “ಬೆಸ್ಟ್ ಪೀಸ್ ಮೇಡಂ.” ಒಂದನ್ನೂ ಬೇಡ ಎನ್ನಲಿಲ್ಲ. ಮಳೆ ಬೆಳೆ ಕೇಳಲಿಲ್ಲ. ಹೊರಡುವಾಗ ಸೀರೆಯ ಪೊಟ್ಟಣಕ್ಕಿಂತ ಮೊದಲು, ಫೋನಿನಲ್ಲಿ ಐದು ನಕ್ಷತ್ರ ಒತ್ತಿ ಹೋಗಿ ಎಂದು ಕೋರುವ ಕಾರ್ಡು ಕೈಗೆ ಬಂತು.

ಫೋನಿನಿಂದಾಗಿ ಹಳೇ ಹೋಟೆಲುಗಳಿಗೆ ಜನ ಹೆಚ್ಚಾಗಿದ್ದಾರೆ, ಅದೂ ನಿಜ. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿಗೆ ಹೋದರೆ ಫುಟ್‌ಪಾತ್ ತುಂಬ ಹೆಸರು ಬರೆಸಿ ಕಾಯುವವರು. ಹೋಟೆಲು ಉಳಿದರೆ ಸಂತೋಷವೇ. ಆದರೆ ಆ ಸಾಲಿನಲ್ಲಿ ಪಕ್ಕದ ಬೀದಿಯ ಮುದುಕರು ಕಾಣುವುದಿಲ್ಲ. ವಾಕಿಂಗ್ ಮುಗಿಸಿ ಬಂದು, ಪತ್ರಿಕೆ ಹಂಚಿಕೊಂಡು ಓದಿ, ಬೈ-ಟೂ ಕಾಫಿ ಕುಡಿದು ಹೋಗುತ್ತಿದ್ದವರಿಗೆ ಅಲ್ಲೀಗ ಕುರ್ಚಿ ಸಿಗುವುದು ಕಷ್ಟ. ಫೋನು ನಾಲ್ಕೈದು ಹೆಸರನ್ನೇ ಎಲ್ಲರಿಗೂ ಹೇಳುತ್ತದೆ; ಉಳಿದವು ಬಡವಾಗುತ್ತವೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸುಮಾರು ಎಪ್ಪತ್ತು ವರ್ಷ ಬಟನ್ ಇಡ್ಲಿ, ಗ್ರೀನ್ ಮಸಾಲಾ ಇಡ್ಲಿ ಬಡಿಸಿದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಕೊನೆಯ ದಿನಗಳಲ್ಲಿ ಅಲ್ಲಿಯೂ ಜನವೋ ಜನ. ತಮ್ಮ ತಂದೆ ಕೈಹಿಡಿದು ಕರೆತಂದಿದ್ದ ಮೇಜು ಹುಡುಕುತ್ತಾ ಬಂದವರು ಅವರಲ್ಲಿ ಎಷ್ಟೋ ಮಂದಿ.

ಬೆಂಗಳೂರಿನಲ್ಲಿರುವ ನನ್ನ ಓರಗೆಯವರಲ್ಲಿ ಒಂದು ಕೋರಿಕೆ. ಊರಿನಿಂದ ಯಾರಾದರೂ ಫೋನು ಮಾಡಿ “ಬರ್ತಿದೀವಿ, ಎಲ್ಲಿ ಉಳಿಯೋದು, ಏನು ತಗೊಳ್ಳೋದು?” ಎಂದು ಕೇಳಿದರೆ ಲಿಂಕು ಕಳಿಸಿ ಸುಮ್ಮನಾಗಬೇಡಿ. ಎಷ್ಟು ಜನ, ಏನು ಕೆಲಸ, ಮಂಡಿ ನೋವಿದೆಯೇ, ಸಕ್ಕರೆ ಕಾಯಿಲೆಯಿದೆಯೇ ಎಂದು ಕೇಳಿ. ನಿಮ್ಮ ಹೆಸರು ಹೇಳಿದರೆ ಗುರುತು ಹಿಡಿಯುವ ಒಂದು ಅಂಗಡಿಯಾದರೂ ಇದ್ದರೆ ಅದನ್ನು ಹೇಳಿ. ನಿಮಗೆ ಯಾರೂ ಚೀಟಿ ಬರೆದುಕೊಟ್ಟಿರದಿದ್ದರೆ, ನೀವು ಮೊದಲು ಬರೆದುಕೊಡಿ. ಕೇರಿ ನೋಡದೆ ಬರೆದುಕೊಡಿ. ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು. ಜವಳಿಗೆ ಬರುವವರು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಚಿಕ್ಕಪೇಟೆಗೆ ಬನ್ನಿ, ಆಗ ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಇಡ್ಲಿಗೆ ಶಂಕರಪುರ, ದೋಸೆಗೆ ಗಾಂಧಿ ಬಜಾರು. ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರ್, ಸೋಮವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್., ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ದಿನ ನೋಡಿಕೊಂಡು ಹೊರಡಿ.