ಹೊರಟವರು ಬರ್ತೇನೆ ಅನ್ನುತ್ತಾರೆ

ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರು ಬಸ್ಸಿನ ಮೈಗೆ ಬಡಿಯುತ್ತ "ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗಿದರು. ಬಸ್ಸು ಇನ್ನೂ ಎರಡು ಮಾರು ಹೋಗಿಯೇ ನಿಂತಿತು. ನನ್ನ ಪಕ್ಕ ಮೀನಿನ ಖಾಲಿ ಬುಟ್ಟಿ ಹಿಡಿದು ಕೂತಿದ್ದವಳು, "ಹೋಲ್ಡಾನ್ ಅಂದ್ರೂ ನಿಲ್ಸೂದಿಲ್ಲ ಇವ್ರು" ಎಂದಳು. ಅದು ಎರಡು ಇಂಗ್ಲಿಷ್ ಪದ ಸೇರಿ ಆದದ್ದು ಎಂದರೆ ಅವಳು ನಗುತ್ತಿದ್ದಳೇನೋ. ಅವಳಿಗದು ಬಸ್ಸಿನ ಮಾತು, ಅಷ್ಟೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. "ಅಕ್ಕೋರೆ, ಇದೊಂದು ಬೇಡ" ಎಂದು ಮಕ್ಕಳು ಗೋಗರೆಯುತ್ತಿದ್ದ ಪಾಠ ಇದೇ, ಫ್ರೇಸಲ್ ವರ್ಬ್. ಕ್ರಿಯಾಪದದ ಬೆನ್ನಿಗೆ ಅಪ್, ಆಫ್, ಔಟ್ ಎಂದು ಒಂದೊಂದು ಬಾಲ. ಬಾಲ ಬದಲಾದರೆ ಪ್ರಾಣಿಯೇ ಬೇರೆ. ಅದರಲ್ಲೂ ಔಟ್ ಬಲು ತಂಟೆಯದು. ಗೋ ಔಟ್, ಕಮ್ ಔಟ್ ಆದರೆ ಹೊಸ್ತಿಲು ತೋರಿಸಿ ಕಲಿಸಬಹುದು. ಸಕ್ಕರೆ ರನ್ ಔಟ್ ಆಯಿತು ಎಂಬ ವಾಕ್ಯ ಬರೆದ ದಿನ ಹಿಂದಿನ ಬೆಂಚಿನ ಹುಡುಗ, "ವಿಕೆಟ್‌ಗೆ ಹೊಡೆದವ ಯಾರು ಅಕ್ಕೋರೆ?" ಎಂದು ಕೇಳಿದ. ತರಗತಿಯೆಲ್ಲ ಹೋ ಎಂದಿತು. ಅವನಿಗೆ ಬೈಯುವಂತೆಯೂ ಇರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಓಡುವುದಕ್ಕೂ ಸಕ್ಕರೆ ಮುಗಿಯುವುದಕ್ಕೂ ಏನು ಸಂಬಂಧ?

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಒಂದು ಏಪ್ರಿಲ್‌ನಲ್ಲಿ, ಮನೆಯ ಬಾವಿಕಟ್ಟೆಯ ಹತ್ತಿರ. "ಬಾವಿ ಬತ್ತಿ ಹೋಯ್ತು" ಎಂದು ನಾನೇ ಹೇಳಿದ್ದು ನನ್ನ ಕಿವಿಗೇ ಬಿತ್ತು. ಬಾವಿ ಎಲ್ಲಿಗೆ ಹೋಯಿತು? ಇದ್ದಲ್ಲೇ ಇದೆ. ದೀಪ ಆರಿಹೋಯಿತು, ಚಪ್ಪಲಿ ಸವೆದುಹೋಯಿತು, ವಂಶ ಅಳಿದುಹೋಯಿತು, ಕರೆಂಟು ಹೋಯಿತು. ಇವುಗಳಲ್ಲಿ ಒಂದಕ್ಕೂ ಕಾಲಿಲ್ಲ. ಇಂಗ್ಲಿಷಿನವರು ಇಲ್ಲೆಲ್ಲ ಔಟ್ ಹಾಕುತ್ತಾರೆ: ಡ್ರೈ ಔಟ್, ಗೋ ಔಟ್, ವೇರ್ ಔಟ್, ಡೈ ಔಟ್. ಪೂರ್ತಿ ಮುಗಿದದ್ದನ್ನು ಅವರು ಹೊರಗೆ ಕಳಿಸುತ್ತಾರೆ, ನಾವು 'ಹೋಗು' ಅನ್ನುತ್ತೇವೆ. ದಾರಿ ಒಂದೇ. ಆಮೇಲೆ ಔಟ್ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನಿಲ್ಲಿಸಿ, ಮೊದಲು ಕನ್ನಡದ 'ಹೋಗು' ಎಲ್ಲೆಲ್ಲಿ ಅಂಟುತ್ತದೆ ಎಂದು ಬರೆಸತೊಡಗಿದೆ. ಫೈಂಡ್ ಔಟ್ ಮಾತ್ರ ಈ ಬಲೆಗೆ ಬೀಳಲಿಲ್ಲ. ಅಡಗಿದ್ದನ್ನು ಅವರು ಹೊರಗೆ ತರುತ್ತಾರೆ, ನಾವು ಕಂಡು ಹಿಡಿಯುತ್ತೇವೆ. ಮೀನು ಹಿಡಿಯುವ ಊರಿಗೆ ನಮ್ಮದೇ ಒಪ್ಪುತ್ತದೆ.

ಬಾಲ ಹಿಂದೆ ಬರುವುದೇ ಇಂಗ್ಲಿಷಿನ ಹುಟ್ಟುಗುಣ ಎಂದುಕೊಂಡಿದ್ದೆ, ಹಾಗೇನಿಲ್ಲ. ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿ 'ಊಟ್‌ಗಾನ್' ಎಂದರೆ ಹೊರಹೋಗು. ಆಗ ಔಟ್ ಇನ್ನೂ ಊಟ್ ಆಗಿತ್ತು, ಕ್ರಿಯಾಪದದ ಮುಂದೆ ಕೂರುತ್ತಿತ್ತು. ಆಮೇಲೆ ಹಿಂದಕ್ಕೆ ಸರಿಯಿತು. ಔಟ್‌ಕಮ್, ಔಟ್‌ಬ್ರೇಕ್ ಮುಂತಾದ ನಾಮಪದಗಳಲ್ಲಿ ಹಳೆಯ ಜಾಗ ಇನ್ನೂ ಬಿಟ್ಟಿಲ್ಲ. ಕನ್ನಡ ಆ ಜಾಗ ಕದಲಿಸಲೇ ಇಲ್ಲ: ಹೊರಹಾಕು, ಹೊರತರು, ಹೊರಬೀಳು, ಹೊರಸೂಸು. ಹೆಚ್ಚು ಬಳಸಿದ ಮಾತು ಸವೆದು ಒಂದಾಗುತ್ತದೆ. ಹಳಗನ್ನಡದ 'ಪೊರಮಡು' ನಡುಗನ್ನಡದಲ್ಲಿ 'ಹೊರವಂಟ'ನಾಗಿ ನಮ್ಮ ಬಾಯಲ್ಲಿ 'ಹೊರಟ' ಆಗಿದ್ದಾನೆ. ಆ ಮಾತಿನ ಹೊಟ್ಟೆಯೊಳಗೆ ಒಂದು 'ಹೊರ' ಇದೆಯೆಂದು ಹೊರಡುವವರಿಗೆ ನೆನಪಿಲ್ಲ, ಮೀನಿನವಳಿಗೆ ಹೋಲ್ಡಾನ್ ಒಳಗಿನ ಆನ್ ಕಾಣದ ಹಾಗೆ. ಕುಮಟೆಯ ಪೇಟೆಯಲ್ಲಿ ಕೊಂಕಣಿಯವರು 'ಭಾಯ್ರ್ ಸರ್ಲೊ' ಅನ್ನುತ್ತಾರೆ. ಹೊರಗೆ ಸರಿದ, ಅಂದರೆ ಹೊರಟ. ಸೆಟ್ ಔಟ್ ಅಂದರೂ ಅದೇ. ಒಂದೇ ಅಂಗಡಿಯ ಕಟ್ಟೆಯಲ್ಲಿ ಮೂರು ಭಾಷೆ, ಮೂರಕ್ಕೂ ಹೊಸ್ತಿಲು ಒಂದು.

ಕಡಲಿನ ವಿಷಯಕ್ಕೆ ಬಂದರೆ ಮಾತ್ರ ಜಗಳ. ಇಂಗ್ಲಿಷಿನ ದೋಣಿ ಸಮುದ್ರಕ್ಕೆ ಗೋಸ್ ಔಟ್. ನಮ್ಮದು ಕಡಲಿಗೆ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಷ್ಟೂ ದಿನ ಕಾಸರಕೋಡಿನಲ್ಲಿ, ತದಡಿಯಲ್ಲಿ ಬೋಟುಗಳು ಒಂದರ ಮೈಗೊಂದು ಒರಗಿ ನಿಂತಿರುತ್ತವೆ. ಆಗಸ್ಟ್ ಬಂತೆಂದರೆ ಎಲ್ಲರ ಬಾಯಲ್ಲಿ 'ಬೋಟು ಇಳೀತಾ?' ಹೊನ್ನಾವರದವರಿಗೆ ಅಷ್ಟೂ ಸಾಲದು. ಶರಾವತಿ ಕಡಲು ಸೇರುವಲ್ಲಿ ಹೂಳು, ತೆರೆ ಎರಡೂ ಇರುವುದರಿಂದ 'ಅಳಿವೆ ದಾಟಿತು' ಎಂಬ ಸುದ್ದಿ ಬರಬೇಕು. ಆಗಲೇ ಮನೆಯವರಿಗೆ ಉಸಿರು. ಈ ದಾಟುವುದನ್ನು ಔಟ್ ಎಂಬ ಒಂದಕ್ಷರದಲ್ಲಿ ತುರುಕಿದರೆ ಅಳಿವೆಯೇ ಕಾಣದು.

ಇನ್ನೊಂದು ದಿಕ್ಕು ಘಟ್ಟ. ಶಿರಸಿಗೆ ಹೋಗುವವರು ಹೊರಗೆ ಹೋಗುವುದಿಲ್ಲ, ಘಟ್ಟ ಹತ್ತುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿ ಮಾರುಕಟ್ಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. ಹೊರಬಿದ್ದ ಬಂದರಿನ ಹೆಸರೇ ಅದಕ್ಕೆ ಅಂಟಿತು. ರೈಲು ಬಂದ ಮೇಲೆ ಹತ್ತಿ ಬೇರೆ ಹಾದಿ ಹಿಡಿಯಿತು.

ಎಲ್ಲ 'ಹೊರಗೆ'ಯೂ ಇಷ್ಟು ಹಗುರವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ತಡವಾಗಿ ಬಂದ. ಇಂಗ್ಲಿಷಿನಲ್ಲೇ ಕಾರಣ ಹೇಳು ಎಂದೆ. "ಮೈ ಮದರ್ ಈಸ್ ಔಟ್, ಐ ಕುಕ್ಡ್" ಎಂದ. ಎಲ್ಲಿಗೆ ಹೋಗಿದ್ದಾಳೆ ಎಂದು ಕೇಳಿದೆ. "ಮನೆಲೇ ಇದ್ದಾಳೆ ಅಕ್ಕೋರೆ." ಹುಡುಗಿಯರೆಲ್ಲ ತಲೆ ತಗ್ಗಿಸಿದರು. ನನಗೆ ಆಮೇಲೆ ಹೊಳೆಯಿತು. ತಿಂಗಳಿಗೆ ಮೂರು ದಿನ ಹೊರಗೆ ಕೂತು ಬೆಳೆದವಳು ನಾನೂ ಹೌದು, ಹಿತ್ತಿಲ ಜಗಲಿಯ ಚಾಪೆ, ಬೇರೆ ಲೋಟ, ಎಲ್ಲ ಗೊತ್ತು. ಇಂಗ್ಲಿಷ್ ಪಾಠದ ನಡುವೆ ಮರೆತಿದ್ದೆ. ಮನೆಯಲ್ಲಿದ್ದೂ ಹೊರಗಾಗುವ ಈ ವಿದ್ಯೆ ಆ ಭಾಷೆಯ ಯಾವ ಔಟ್‌ಗೂ ಬರುವುದಿಲ್ಲ. ಅವನ ವಾಕ್ಯಕ್ಕೆ ಸರಿ ಗುರುತು ಹಾಕಬೇಕೋ ತಪ್ಪು ಹಾಕಬೇಕೋ ಇವತ್ತಿಗೂ ತಿಳಿದಿಲ್ಲ.

ಇನ್ನೂ ದೂರ ಹೊರಡುವ ಊರು ಭಟ್ಕಳ. ಅಲ್ಲಿ ನವಾಯತ ಮುಸ್ಲಿಮರ ಮನೆಮಾತು ನವಾಯತಿ, ಕೊಂಕಣಿಯ ಹತ್ತಿರದ ನಂಟು, ಬರೆಯುವುದು ಅರಬ್ಬಿ ಬಗೆಯ ಲಿಪಿಯಲ್ಲಿ. ಪೇಟೆಗೆ ಕನ್ನಡ, ಉರ್ದು. ದುಡಿಮೆಗೆ ಕೊಲ್ಲಿ ದೇಶ. ಮನೆಗೊಬ್ಬರಾದರೂ ದುಬೈ ಎನ್ನುವಷ್ಟು. ಕಾಲೇಜು ಮುಗಿಸಿದ ಹುಡುಗರು ತಾವು 'ಪಾಸೌಟ್' ಆದೆವು ಅನ್ನುತ್ತಾರೆ. ಇಂಗ್ಲೆಂಡಿನವರ ಕಿವಿಗೆ ಅದು ಪ್ರಜ್ಞೆ ತಪ್ಪಿ ಬಿದ್ದಂತೆ, ಎಷ್ಟು ಹೇಳಿದರೂ ನಮ್ಮವರು ಬಿಡುವುದಿಲ್ಲ. ನಾನೂ ಹೇಳುವುದು ಬಿಟ್ಟೆ. ಪ್ರಿಂಟೌಟ್ ತೆಗೆಸುತ್ತೇವೆ, ಪೇಪರ್ ಔಟಾಯಿತು ಎಂದು ಗುಲ್ಲೆಬ್ಬಿಸುತ್ತೇವೆ, ಕುಡಿದವನನ್ನು ಫುಲ್ ಔಟ್ ಎನ್ನುತ್ತೇವೆ. ಇದೊಂದಕ್ಕೆ ಯಾಕೆ ಅಡ್ಡಿ?

ಇಷ್ಟೆಲ್ಲ ಹೊರಡುವ ಊರಲ್ಲಿ 'ಹೋಗ್ತೇನೆ' ಎಂದು ಹೇಳಿ ಹೊರಡುವವರು ಯಾರೂ ಇಲ್ಲ. ಹೋದ ಎಂದರೆ ಸತ್ತ ಎಂದೂ ಆಗುತ್ತದಲ್ಲ. ಕೊಂಕಣಿಯವರು 'ಯೆತ್ತಾ' ಎಂದು ಮೆಟ್ಟಿಲು ಇಳಿಯುತ್ತಾರೆ, ನಾವು 'ಬತ್ತೆ' ಎನ್ನುತ್ತೇವೆ. ಇಬ್ಬರದೂ ಬರುವ ಮಾತೇ, ಕಾಲು ಮಾತ್ರ ಅತ್ತ.

ಕಳೆದ ತಿಂಗಳು ಭಟ್ಕಳದ ಹಳೆಯ ಶಿಷ್ಯನೊಬ್ಬ ರಜೆ ಮುಗಿಸಿ ದುಬೈಗೆ ಹೊರಡುವ ಮುನ್ನ ಮನೆಗೆ ಬಂದಿದ್ದ. ಚಹಾ ಕುಡಿದು, ಚಪ್ಪಲಿ ಮೆಟ್ಟಿ, "ಬರ್ತೇನೆ ಅಕ್ಕೋರೆ" ಎಂದ. ಇದನ್ನು ಅಲ್ಲಿ ಹೇಗೆ ಹೇಳ್ತೀಯೋ ಎಂದು ಕೇಳಿದೆ. ನಕ್ಕ. "ಕೆಲಸಕ್ಕೆ ಸೇರಿದ ಮೊದಲ ದಿನ ಸಂಜೆ ಬಾಯಿತಪ್ಪಿ 'ಐ ವಿಲ್ ಕಮ್ ಸರ್' ಅಂದು ಬಂದಿದ್ದೆ ಅಕ್ಕೋರೆ. ಮರುದಿನ ಹೇಳಿದ್ರು, ಆಫೀಸಿಗೆ ಬೀಗ ಹಾಕದೆ ಒಂದು ತಾಸು ಕಾದಿದ್ರಂತೆ."