ಒರೆಸಿದ್ಯಾ, ಬರೆದ್ಯಾ?

ನಾಲ್ಕನೇ ಸೆಮ್ ಪರೀಕ್ಷೆ ಮುಗಿದ ಮೇಲೆ ನಮ್ಮ ಬ್ಯಾಚಿನ ಅರ್ಧ ಜನ ಇಂಟರ್ನ್‌ಶಿಪ್ ಹುಡುಕ್ಕೊಂಡು ಹೋದ್ರು. ನಾನು ವಿಜಯನಗರದಲ್ಲಿರೋ ಮಾವನ ಮನೆಗೆ ಹೋಗಿ ಒಂದೂವರೆ ತಿಂಗಳು ಕಿಟಕಿ ಗಾಜು ಒರೆಸಿದೆ. ಇದನ್ನ ಕ್ಲಾಸಲ್ಲಿ ಯಾರಿಗೂ ಹೇಳಿರಲಿಲ್ಲ, ಕೇಳಿದವರಿಗೆಲ್ಲ 'ಊರಿಗೆ ಹೋಗಿದ್ದೆ' ಅಂದಿದ್ದೆ. ಏನಾದ್ರೂ ಬರಿ ಅಂತ ಕನ್ನಡ ಸಂಘದವರು ಮೂರು ಸಲ ಕೇಳಿದ್ದಕ್ಕೆ ಈಗ ಹೇಳ್ತಿದೀನಿ.

ಮಾವ ಅಂದ್ರೆ ಅಮ್ಮನ ತಮ್ಮ. ಅಂಗಡಿ, ಮನೆಗಳ ಗಾಜು ಒರೆಸೋದು, ನೀರಿನ ಟ್ಯಾಂಕ್ ತೊಳೆಯೋದು ಅವರ ಕೆಲಸ. ನಮ್ಮ ಪರೀಕ್ಷೆಗೆ ಎರಡು ವಾರ ಮುಂಚೆ, ಒಂದು ಮನೆಯ ಸಜ್ಜಾ ಮೇಲೆ ನಿಂತು ಗಾಜು ಒರೆಸುವಾಗ ಕಾಲು ಜಾರಿತು. ಮೊದಲ ಮಹಡಿಯಾದ್ದರಿಂದ ಜೀವಕ್ಕೇನೂ ಆಗಲಿಲ್ಲ, ಆದರೆ ಹಿಮ್ಮಡಿ ಮೂಳೆ ಮುರಿದು ಕಾಲಿಗೆ ಪ್ಲಾಸ್ಟರ್ ಬಿತ್ತು. ಎರಡು ತಿಂಗಳು ಕೆಲಸ ಬಿಟ್ರೆ ಖಾಯಂ ಗಿರಾಕಿಗಳನ್ನ ಬೇರೆಯವರು ಹಿಡ್ಕೋತಾರೆ. ನನ್ನ ಮೊದಲ ವರ್ಷದ ಫೀಸಲ್ಲಿ ಅರ್ಧ ಕಟ್ಟಿದ್ದು ಮಾವನೇ. ಹಾಗಾಗಿ ಅಮ್ಮ ಫೋನ್ ಮಾಡಿ 'ಹೋಗ್ತೀಯೇನೋ' ಅಂದಾಗ, ಅದು ಕೇಳೋ ಥರದ ಪ್ರಶ್ನೆ ಆಗಿರಲಿಲ್ಲ.

ಮೊದಲ ದಿನ ಒಂದು ಬೇಕರಿ. ಮಾವನ ಸಾಮಾನು ಅಂದ್ರೆ ಬಾತ್‌ರೂಮ್ ನೆಲದ ನೀರು ತಳ್ಳೋ ವೈಪರ್, ಹಳೇ ನ್ಯೂಸ್ ಪೇಪರ್, ನೀಲಿ ಬಣ್ಣದ ಸ್ಪ್ರೇ ಬಾಟಲಿ. ಒಂದು ಗಂಟೆ ಉಜ್ಜಿದೆ. ಒದ್ದೆ ಇರೋವಾಗ ಫಳಫಳ ಅಂತಿತ್ತು. ಹತ್ತು ಗಂಟೆಯ ಬಿಸಿಲು ಬಿದ್ದಿದ್ದೇ ತಡ, ಗಾಜಿನ ತುಂಬ ಅಡ್ಡಾದಿಡ್ಡಿ ಬಿಳಿ ಗೆರೆ. ಬೇಕರಿ ಯಜಮಾನರು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ್ರು. "ಏನಪ್ಪಾ, ಒರೆಸಿದ್ಯಾ ಬರೆದ್ಯಾ?"

ಮನೆಗೆ ಬಂದು ಕೂತು ಯೋಚಿಸಿದಾಗ ಗೊತ್ತಾಯ್ತು, ತಪ್ಪು ನನ್ನ ತೋಳಿಂದಲ್ಲ, ವೈಪರ್‌ದು. ಅದರ ಸ್ಪಂಜಿನಂಥ ರಬ್ಬರಿಗೆ ಚೂಪಾದ ಅಂಚೇ ಇಲ್ಲ. ಅದು ನೀರನ್ನ ತಳ್ಳುತ್ತೆ, ಆದರೆ ಹಿಂದೆ ತೆಳುವಾದ ಪದರ ಬಿಟ್ಟು ಹೋಗುತ್ತೆ. ಅಲ್ಲಿ ಸಿಗೋದು ಬೋರ್‌ವೆಲ್ ನೀರು. ಪದರ ಆರಿದಾಗ ನೀರು ಹೋಗಿ ಸುಣ್ಣದಂಶ ಗಾಜಿನ ಮೇಲೇ ಉಳಿಯುತ್ತೆ. ನಾನು ಅಷ್ಟು ಹೊತ್ತು ನಿಜವಾಗಿಯೂ ಬರೀತಾನೇ ಇದ್ದೆ.

ಗಾಜು ಒರೆಸೋರು ಬಳಸೋ ಅಸಲಿ ಸಾಧನ ಸ್ಕ್ವೀಜಿ. ಒಂದು ಹಿಡಿ, ಒಂದು ಲೋಹದ ಚಾನೆಲ್, ಅದರೊಳಗೆ ಕತ್ತಿಯಂಚಿನ ಹಾಗೆ ನೇರವಾಗಿ ಕತ್ತರಿಸಿದ ಒಂದೇ ಒಂದು ರಬ್ಬರ್ ಪಟ್ಟಿ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಗಾಜು ಒರೆಸ್ತಿದ್ದ ಎಟೋರೆ ಸ್ಟೆಕೋನೆ ಅನ್ನೋರು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹಿತ್ತಾಳೆಯಲ್ಲಿ ಇದನ್ನ ಮಾಡಿ, 1936ರಲ್ಲಿ ಪೇಟೆಂಟ್ ತಗೊಂಡ್ರು. ಅದಕ್ಕೂ ಮುಂಚೆ ಇದ್ದದ್ದು ಭಾರದ ಉಕ್ಕಿನದು, ರಬ್ಬರ್ ಬದಲಿಸಬೇಕಂದ್ರೆ ಸಾಲಾಗಿ ಸ್ಕ್ರೂ ಬಿಚ್ಚಬೇಕಿತ್ತು. ಇವತ್ತಿಗೂ ಆ ವಿನ್ಯಾಸ ಹೆಚ್ಚುಕಮ್ಮಿ ಹಾಗೇ ಇದೆ. ಡಿಸೈನ್ ಲ್ಯಾಬಲ್ಲಿ ನಾವು ಒಂದು ಬ್ರಾಕೆಟ್‌ನ ಹನ್ನೊಂದು ಸಲ ಬದಲಿಸಿದ್ದು ನೆನಪಾಗಿ ನಾಚಿಕೆಯಾಯ್ತು.

ನನ್ನ ಹತ್ರ ಮೂರು ಸಾವಿರ ಇತ್ತು. 14 ಇಂಚಿನ ಸ್ಕ್ವೀಜಿ, ಸೋಪುನೀರು ಹಚ್ಚೋಕೆ ಅಷ್ಟೇ ಉದ್ದದ ಬಟ್ಟೆ ಹೊದಿಸಿದ ಟಿ ಆಕಾರದ ವಾಷರ್, ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಸ್ಪೇರ್ ರಬ್ಬರ್ ತರಿಸಿದೆ. ಪಾರ್ಸೆಲ್ ಬಂದ ದಿನ ಬಕೆಟ್ಟಿಗೆ ವಾಷರ್ ಅದ್ದೋಕೆ ಹೋದ್ರೆ ಇಳೀತಾನೇ ಇಲ್ಲ! ಮನೆಯಲ್ಲಿದ್ದ ಯಾವ ಬಕೆಟ್ಟಿನ ಬಾಯೂ 14 ಇಂಚಿಲ್ಲ. ಮಾವ ಮಂಚದ ಮೇಲಿಂದಲೇ "ಇಂಜಿನಿಯರ್ರು ಬಕೆಟ್ ಅಳತೆ ತಗೊಳ್ಳೋದು ಮರೆತ್ರು" ಅಂತ ನಕ್ಕರು. ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು ಅಂತ ಅತ್ತೆ ಆಮೇಲೆ ಹೇಳಿದ್ರು. ಕೊನೆಗೆ ಬಾಲ್ಕನಿಯಲ್ಲಿ ಗಿಡ ಹಾಕೋ ಉದ್ದನೆಯ ಪ್ಲಾಸ್ಟಿಕ್ ಕುಂಡ, ಅಡಿಯಲ್ಲಿ ತೂತು ಮಾಡದೇ ಇರೋದು, ಕೆಲಸಕ್ಕೆ ಬಂತು.

ಇನ್ನೊಂದು ಎಡವಟ್ಟು: ಕಲಿಯೋಕೆ ನಾನು ನೋಡಿದ್ದೆಲ್ಲ ವಿದೇಶದ ವಿಡಿಯೋ. ಅವರ ಕಿಟಕಿಗೆ ಗ್ರಿಲ್ ಇರಲ್ಲ. ನಮ್ಮಲ್ಲಿ ಗ್ರಿಲ್ ಇಲ್ಲದ ಕಿಟಕಿ ಹುಡುಕಬೇಕು. 14 ಇಂಚಿನದು ಸರಳುಗಳ ಮಧ್ಯೆ ತೂರೋದೇ ಇಲ್ಲ. ವಾರದೊಳಗೆ 6 ಇಂಚಿನ ಚಿಕ್ಕದೊಂದು ತರಿಸಿದೆ. ಮನೆ ಕೆಲಸಕ್ಕೆ ಇಳಿಯೋರು ಇಲ್ಲಿ ಮೊದಲು ಕೊಳ್ಳಬೇಕಾದದ್ದು ಅದನ್ನೇ. ದೊಡ್ಡದು ಅಂಗಡಿ ಗಾಜಿಗೆ.

ಲಿಕ್ವಿಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕೈದು ಹನಿ ಸಾಕು. ಸೋಪು ನೀರಿನ ಸರ್ಫೇಸ್ ಟೆನ್ಷನ್ ಇಳಿಸಿ ಅದು ಹನಿಗಟ್ಟದೆ ಹರಡುವ ಹಾಗೆ ಮಾಡುತ್ತೆ, ರಬ್ಬರ್ ಸಲೀಸಾಗಿ ಜಾರುತ್ತೆ. ಜಾಸ್ತಿ ಹಾಕಿದ್ರೆ ಸೋಪಿನ ಕಲೆಯೇ ಉಳಿಯುತ್ತೆ. ಹಳೇ ಬಿಳಿ ಕಲೆಗೆ ವಿನೆಗರ್ ಹಚ್ಚಬಹುದು, ಆದರೆ ಕಿಟಕಿ ಕೆಳಗೆ ಮಾರ್ಬಲ್ ಇದ್ರೆ ಅದರ ಮೇಲೆ ಒಂದು ತೊಟ್ಟೂ ಬೀಳಬಾರದು, ಅದೂ ಸುಣ್ಣದ ಕಲ್ಲೇ. ರಬ್ಬರ್ ಅಂಚು ಎಲ್ಲಾದರೂ ಹರಿದ್ರೆ ಅಲ್ಲೊಂದು ಗೆರೆ ಬೀಳುತ್ತೆ, ಆಗ ತಿರುಗಿಸಿ ಹಾಕಿ, ಇನ್ನೊಂದು ಅಂಚು ಇರುತ್ತೆ. ಬ್ಲೇಡ್ ಹಾಕಿ ಕೆರೆಯೋ ಸ್ಕ್ರೇಪರ್ ಮಾತ್ರ ಶುರುವಲ್ಲೇ ಕೊಳ್ಳಬೇಡಿ. ಟಫನ್ಡ್ ಗಾಜಿನ ಮೈಮೇಲೆ ಕೆಲವೊಮ್ಮೆ ಕಣ್ಣಿಗೆ ಕಾಣದ ಕಣಗಳು ಅಂಟಿಕೊಂಡಿರ್ತವೆ, ಬ್ಲೇಡ್ ಅವನ್ನ ಕಿತ್ತು ಎಳೆದುಕೊಂಡು ಹೋಗುತ್ತೆ. ಒಂದು ಹೊಸ ಫ್ಲ್ಯಾಟಲ್ಲಿ ಪೇಂಟ್ ಚುಕ್ಕೆ ತೆಗೆಯೋಕೆ ಹೋಗಿ ಗೀರು ಬೀಳಿಸಿ, ಎರಡು ದಿನದ ದುಡಿಮೆ ಅಲ್ಲೇ ಬಿಟ್ಟು ಬಂದೆ.

ಇಷ್ಟೆಲ್ಲ ದುಡ್ಡಿನ ಮಾತು. ಮೂರನೇ ವಾರ ಒಂದು ಮೂರನೇ ಮಹಡಿಯ ಮನೆಗೆ ಹೋದೆ. ಹಾಲ್‌ನಲ್ಲಿ ದೊಡ್ಡ ಕಿಟಕಿ, ಗ್ರಿಲ್ ಇಲ್ಲ, ಎರಡು ಪಕ್ಕ ಸ್ಲೈಡಿಂಗ್, ಮಧ್ಯದ ಗಾಜು ಫಿಕ್ಸ್. ಅದರ ಹೊರಮೈ ಒಳಗಿಂದ ಕೈಗೆ ಸಿಗಲ್ಲ. ಮನೆಯವರು ತುಂಬ ಸಹಜವಾಗಿ "ಹಿಂದೆ ಬರ್ತಿದ್ದೋರು ಸಜ್ಜಾ ಮೇಲೆ ಇಳಿದು ಒರೆಸ್ತಿದ್ರು" ಅಂದ್ರು. ಬಗ್ಗಿ ನೋಡಿದೆ. ಒಂದೂವರೆ ಅಡಿ ಅಗಲ, ಮೇಲೆ ಒಣಗಿದ ಪಾಚಿ. ಹಿಂದೆ ಬರ್ತಿದ್ದೋರು ನನ್ನ ಮಾವ ಅಂತ ನಾನು ಹೇಳಲಿಲ್ಲ. ಆಗಲ್ಲ ಅಂದೆ. ಹಾಗಾದ್ರೆ ಬೇಡ ಬಿಡಪ್ಪ ಅಂದ್ರು.

ಸಂಜೆ ಮಾವನಿಗೆ ಹೇಳಿದ್ರೆ ರೇಗಿಬಿಟ್ರು. "ಒಂದು ಮನೆ ಬಿಟ್ರೆ ಆ ಬಿಲ್ಡಿಂಗಲ್ಲಿ ನಾಲ್ಕು ಮನೆ ಹೋಗುತ್ತೆ. ಹೆದರಿಕೊಂಡ್ರೆ ಈ ಕೆಲಸ ಆಗುತ್ತೇನೋ?" ಪ್ಲಾಸ್ಟರ್ ಕಾಲು ದಿಂಬಿನ ಮೇಲಿತ್ತು. ಅದನ್ನ ನೋಡ್ಕೊಂಡು ನಾನು ಏನೂ ಮಾತಾಡಲಿಲ್ಲ.

ಆ ವಾರದ ಸಂಪಾದನೆಯಲ್ಲಿ ಉದ್ದಕ್ಕೆ ಎಳೆಯೋ ಅಲ್ಯೂಮಿನಿಯಂ ಕೋಲು ಮತ್ತು ಕೋನ ತಿರುಗಿಸೋ ಹಿಡಿ ತಗೊಂಡೆ. ತುದಿಗೆ ಬಟ್ಟೆ ವಾಷರ್ ಒಂದು ಸಲ, ಸ್ಕ್ವೀಜಿ ಒಂದು ಸಲ. ಬೇಕರಿಯ ಎತ್ತರದ ಗಾಜಲ್ಲಿ ಅಭ್ಯಾಸ ಮಾಡಿದೆ. ಪೂರ್ತಿ ಎಳೆದಾಗ ಕೋಲು ಬಾಗಿ, ಒತ್ತಿದ ಒತ್ತಡ ರಬ್ಬರಿಗೆ ಹೋಗೋದೇ ಇಲ್ಲ. ಕ್ಯಾಂಟಿಲಿವರ್ ಬಾಗೋದು ಉದ್ದದ ಘನಕ್ಕೆ ತಕ್ಕ ಹಾಗೆ, ಉದ್ದ ಎರಡರಷ್ಟಾದ್ರೆ ಬಾಗು ಎಂಟರಷ್ಟು ಅಂತ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದೆ. ಅದು ಭುಜದಲ್ಲಿ ನೋವಾಗಿ ಅರ್ಥವಾಯ್ತು. ಎಷ್ಟು ಬೇಕೋ ಅಷ್ಟೇ ಎಳೀಬೇಕು. ಆ ಮೂರನೇ ಮಹಡಿಗೆ ನಾಲ್ಕು ಅಡಿ ಸಾಕಾಯ್ತು. ಕೋಲಿನ ಹಿಂಬದಿಗೆ ಹಗ್ಗ ಕಟ್ಟಿ ಕೈಗೆ ಸುತ್ತಿಕೊಂಡು, ಎರಡೂ ಪಕ್ಕದ ಸ್ಲೈಡಿಂಗ್‌ನಿಂದ ತೋಳು ಚಾಚಿ, ಅರ್ಧರ್ಧ ಒರೆಸಿದೆ. ಮಧ್ಯದಲ್ಲೊಂದು ಗೆರೆ ಉಳೀತು. ಮನೆಯವರು ಅದನ್ನ ನೋಡಿದ್ರು, ದುಡ್ಡು ಪೂರ್ತಿ ಕೊಟ್ರು.

ರಜೆ ಮುಗಿದು ಬರೋವಾಗ ಎಲ್ಲ ಸಾಮಾನೂ ಮಾವನ ಮನೆಯಲ್ಲೇ ಬಿಟ್ಟು ಬಂದೆ. ಕೋಲನ್ನ ಅವರು ಮುಟ್ಟಿ ನೋಡಿ "ಮೀನು ಹಿಡಿಯೋಕೆ ಆಗುತ್ತೆ" ಅಂದಿದ್ರು.

ಹೋದ ವಾರ ಫೋನ್ ಮಾಡಿದ್ರು. ಕೆಲಸಕ್ಕೆ ಹೋಗೋಕೆ ಶುರು ಮಾಡಿದಾರಂತೆ. "ಲೇ, ಆ ರಬ್ಬರ್ ಎಷ್ಟು ಇಂಚಿಂದು ತರಿಸಿದ್ದೆ?"

"ಮಾವ, ಆ ಮೂರನೇ ಮಹಡಿ ಮನೆಗೆ ಹೋಗ್ತಿದೀರಾ?"

"ಹೂಂ, ನಿನ್ನೆ ಹೋಗಿದ್ದೆ."

"ಕೋಲಲ್ಲೋ, ಸಜ್ಜಾ ಮೇಲೋ?"

"ನೀನು ಮೊದಲು ರಬ್ಬರ್ ಅಳತೆ ಹೇಳಪ್ಪ" ಅಂದ್ರು.