ಯಾವ ಜಿಲ್ಲೆ ಅಂತ ಮಾಲೆಯಿಂದ ಕೇಳಿದರು

ಮೆಕ್ಕೆಜೋಳ ಒಣಹಾಕುವ ಕಾಲ ಅದು, ಅಷ್ಟು ಮಾತ್ರ ಗಟ್ಟಿ ನೆನಪು. ಆ ದಿನಗಳಲ್ಲಿ ಹರಪನಹಳ್ಳಿ ಸೀಮೆಯ ರಸ್ತೆ ಅರ್ಧ ಬಸ್ಸಿಗೆ, ಅರ್ಧ ಮೆಕ್ಕೆಜೋಳಕ್ಕೆ. ಕಾಳಿನ ಸುತ್ತ ಕಲ್ಲು ಸಾಲಿಟ್ಟು, ಪಕ್ಕದಲ್ಲಿ ಯಾವನೋ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿರುತ್ತಾನೆ. ಡ್ರೈವರ್ ಅವನನ್ನು ಬೈಯುತ್ತಾನೆ, ಅವನು ಡ್ರೈವರ್‌ನನ್ನು ಬೈಯುತ್ತಾನೆ, ಬಸ್ಸು ಮುಂದೆ ಹೋಗುತ್ತದೆ. ನಮ್ಮೂರು ಉಚ್ಚಂಗಿದುರ್ಗದಿಂದ ಹಾಗೆ ಬೈಸಿಕೊಳ್ಳುತ್ತಾ ನಾನು ಹರಪನಹಳ್ಳಿಗೆ ಹೋಗುತ್ತಿದ್ದುದು ಎಸ್‌ಟಿಡಿ ಬೂತಿನಲ್ಲಿ ಫ್ಯಾಕ್ಸ್ ಬಂದಿದೆಯೇ ಅಂತ ನೋಡಲಿಕ್ಕೆ.

ಬಿ.ಎ. ಇಂಗ್ಲಿಷು, ಅದರ ಮೇಲೊಂದು ಬಿ.ಇಡಿ., ಎರಡೂ ದಾವಣಗೆರೆಯಲ್ಲಿ ಮುಗಿದಿದ್ದವು. ಕೈಯಲ್ಲಿ ಕೆಲಸ ಇರಲಿಲ್ಲ. ಬಿ.ಇಡಿ.ಯಲ್ಲಿ ನನ್ನ ಜೊತೆಗಿದ್ದ ಕಾಸರಗೋಡಿನ ಕಡೆಯವನೊಬ್ಬ ಆಗಲೇ ಮಾಲ್ಡೀವ್ಸ್ ಸೇರಿಬಿಟ್ಟಿದ್ದ. ಆ ಕಡೆಯವರಿಗೆ ಸಮುದ್ರ ದಾಟುವುದೆಂದರೆ ದೊಡ್ಡ ಮಾತಲ್ಲ. ಕಾಸರಗೋಡಿನ ಕಾರಡ್ಕದವರಾದ ಕೆ.ವಿ. ತಿರುಮಲೇಶರಂಥ ಕವಿಗಳೇ ಯೆಮೆನ್‌ಗೆ ಹೋಗಿ ಇಂಗ್ಲಿಷ್ ಪಾಠ ಮಾಡಿದ್ದನ್ನು ಆಮೇಲೆ ಎಲ್ಲೋ ಓದಿದೆ. ನಮ್ಮ ಕಡೆಯವರು ನೀರು ಕಂಡದ್ದು ಹೆಚ್ಚೆಂದರೆ ತುಂಗಭದ್ರೆ. ಗೆಳೆಯ ಕಾಗದ ಬರೆದ: ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ, ಪರೀಕ್ಷೆ ಇಂಗ್ಲೆಂಡಿನವರದು, ಕಲಿಸುವವರು ಸಾಲದೆ ಇಂಡಿಯಾದಿಂದ, ಶ್ರೀಲಂಕಾದಿಂದ ಕರೆಸಿಕೊಳ್ಳುತ್ತಾರೆ, ನೀನೂ ಅರ್ಜಿ ಹಾಕು ಅಂತ. ಹಾಕಿದೆ. ಯಾರೋ ಫೋನಿನಲ್ಲಿ ಇಂಟರ್‌ವ್ಯೂ ಮಾಡಿದರು. ಏನು ಕೇಳಿದರೋ, ನಾನೇನು ಹೇಳಿದೆನೋ ಒಂದೂ ನೆನಪಿಲ್ಲ. ಬೂತಿನ ಹೊರಗೆ ನಿಂತಿದ್ದವನು ಮಾತ್ರ ಗಾಜು ಬಡಿದು, 'ಲಗೂನ ಮುಗಸ್ರಿ' ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಮನೆಯಲ್ಲಿ ಸುದ್ದಿ ಒಡೆದಾಗ ಅಪ್ಪ ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತದೆ, "ಇಂಗ್ಲೀಷ್ ಕಲಸಾಕ ನಮ್ಮೂರಾಗ ಹುಡುಗ್ರಿಲ್ಲೇನು?" ಅಂದರು. ಅಜ್ಜಿಯ ಪ್ರಶ್ನೆ ಬೇರೆಯದೇ. ಸುಮಾರು 1,200 ದ್ವೀಪ ಇದ್ದಾವೆ, ಜನ ಇರೋದು 200ರಷ್ಟರಲ್ಲಿ, ಸುತ್ತ ಸಮುದ್ರ ಅಂತ ನಾನು ವಿವರಿಸಿದ್ದೆಲ್ಲ ಕೇಳಿಸಿಕೊಂಡು, "ಸುತ್ತ ನೀರು ಅಂದ್ರ ಹೊಲ ಎಲ್ಲಿ ಮಾಡ್ತಾರ? ಮಳಿ ಬಂದ್ರೂ ಒಂದ, ಬರದಿದ್ರೂ ಒಂದ ಅವ್ರಿಗೆ," ಅಂದಳು. ಅವಳ ದನಿಯಲ್ಲಿ ಮರುಕ ಇತ್ತೋ ಹೊಟ್ಟೆಕಿಚ್ಚು ಇತ್ತೋ ಹೇಳಲಾರೆ. ಅವ್ವ ಏನೂ ಅನ್ನಲಿಲ್ಲ. ಕೆಲಸದ ಕಾಗದ ಸುಸೂತ್ರ ಬಂದರೆ ಗುಡ್ಡದ ಮೇಲಿನ ದೇವಿ ಉಚ್ಚಂಗೆಮ್ಮಗೆ ಪಡ್ಲಿಗಿ ತುಂಬಿಸುತ್ತೇನೆ ಅಂತ ಹರಕೆ ಹೊತ್ತದ್ದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಆ ಕಾಗದದ ಕಥೆ ಆಗ ಹೀಗಿತ್ತು. ಮಾಲ್ಡೀವ್ಸಿಗೆ ತಿರುಗಾಡಲು ಹೋಗುವವನಿಗೆ ಮೊದಲೇ ವೀಸಾ ಬೇಡ, ಇಳಿದ ಮೇಲೆ ಮುದ್ರೆ ಒತ್ತುತ್ತಾರೆ. ದುಡಿಯಲು ಹೋಗುವವನಿಗೆ ಹಾಗಲ್ಲ. ಕೆಲಸ ಕೊಡುವವರು ಅಲ್ಲಿನ ಸರ್ಕಾರದಿಂದ ಎಂಪ್ಲಾಯ್‌ಮೆಂಟ್ ಅಪ್ರೂವಲ್ ಅಂತ ಒಂದು ಹಾಳೆ ತೆಗೆಸಬೇಕು. ಅದು ಕೈಯಲ್ಲಿದ್ದರೆ ಒಳಗೆ. ಹೋದ ಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆ, ಆಮೇಲೆ ವರ್ಕ್ ಪರ್ಮಿಟ್ ಕಾರ್ಡು. ಆ ಹಾಳೆ ಬೇಕಾದರೆ ಇಲ್ಲಿಂದ ಅಂಕಪಟ್ಟಿ, ಡಿಗ್ರಿ, ಪಾಸ್‌ಪೋರ್ಟ್, ಪೊಲೀಸರ ಸರ್ಟಿಫಿಕೇಟ್ ಎಲ್ಲ ಹೋಗಬೇಕು.

ಡಿಗ್ರಿ ತರಲು ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಕ್ಕೆ ಹೋದೆ. ಬಯಲುಸೀಮೆಯವನಿಗೆ ಅಲ್ಲಿನ ಹಸಿರು ನೋಡಿಯೇ ಅರ್ಧ ದಿನ ಕಳೆಯಿತು. ಬೆಂಗಳೂರಿಗೆ ಹೋಗಿ ವಿಧಾನಸೌಧದ ಪಕ್ಕದ ಬಹುಮಹಡಿ ಕಟ್ಟಡದಲ್ಲಿ ಮೆಟ್ಟಿಲು ಹತ್ತಿಳಿದು ಸರ್ಟಿಫಿಕೇಟುಗಳ ಬೆನ್ನಿಗೆ ಮುದ್ರೆ ಹಾಕಿಸಿಕೊಂಡೆ. ಪಾಸ್‌ಪೋರ್ಟ್ ಬಂತು. ಡಿಗ್ರಿ ಓದಿದ್ದಕ್ಕೆ ಅದರೊಳಗೆ 'ಎಮಿಗ್ರೇಷನ್ ಚೆಕ್ ನಾಟ್ ರಿಕ್ವೈರ್ಡ್' ಅಂತ ಒಂದು ಮುದ್ರೆಯೂ ಬಿದ್ದಿತ್ತು. ಅಪ್ಪ ಅದನ್ನು ಓಣಿಯವರಿಗೆಲ್ಲ ತೋರಿಸಿ, "ನಮ್ಮ ಹುಡುಗನ್ನ ಯಾರೂ ಚೆಕ್ ಮಾಡಂಗಿಲ್ಲ, ಬರದು ಕೊಟ್ಟಾರ," ಅಂತ ಹೇಳುತ್ತಿದ್ದರು.

ಇಷ್ಟೆಲ್ಲ ಕಳಿಸಿ ಕೂತರೆ ಮಾಲ್ಡೀವ್ಸಿನ ರಾಜಧಾನಿ ಮಾಲೆಯಿಂದ ಬಂದ ಫ್ಯಾಕ್ಸು ಒಂದೇ ಸಾಲಿನದು. ಎಸ್ಸೆಸ್ಸೆಲ್ಸಿಯಲ್ಲಿ ಉಚ್ಚಂಗಿದುರ್ಗ ಬಳ್ಳಾರಿ ಜಿಲ್ಲೆ ಅಂತಿದೆ, ಪಾಸ್‌ಪೋರ್ಟಿನಲ್ಲಿ ದಾವಣಗೆರೆ ಜಿಲ್ಲೆ ಅಂತಿದೆ, ನೀವು ಹುಟ್ಟಿದ್ದು ಯಾವ ಊರು?

ತಪ್ಪು ಯಾರದೂ ಅಲ್ಲ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಿದ್ದರು. ಆಗ ನಮಗೆಲ್ಲ ಖುಷಿಯೇ. ದಾವಣಗೆರೆ ಹತ್ತಿರ, ಸಂತೆಗೂ ಆಸ್ಪತ್ರೆಗೂ ಅಲ್ಲಿಗೇ ಹೋಗುತ್ತಿದ್ದೆವು. ಬೆಣ್ಣೆ ದೋಸೆ ತಿನ್ನಲು ಬೇರೆ ಜಿಲ್ಲೆಗೆ ಹೋಗೋದು ತಪ್ಪಿತು ಅಂತ ಹಾಸ್ಟೆಲಿನಲ್ಲಿ ತಮಾಷೆ ಮಾಡಿದ್ದೆವು. ಅದು ಮಾಲೆಯ ಮೇಜಿನ ಮೇಲೆ ಎರಡು ಊರಾಗಿ ಕೂರುತ್ತದೆ ಅಂತ ಯಾರಿಗೆ ಗೊತ್ತು?

ಬೂತಿನವನೇ ದಾರಿ ತೋರಿಸಿದ. "ತಾಲ್ಲೂಕು ಆಫೀಸ್ ಮುಂದ ಟೈಪಿಂಗ್ ಅಜ್ಜ ಅದಾನ. ಅವನ ಕಡಿಗೆ ಹೋಗ್ರಿ. ಅವನು ಬರದ ಅರ್ಜಿ ವಾಪಸ್ ಬರಂಗಿಲ್ಲ."

ಬೇವಿನ ಮರದ ಕೆಳಗೆ ಅಜ್ಜನ ಮೇಜು. ಅದರ ಮೇಲೆ ಎರಡು ಮಷಿನ್ನು, ಕನ್ನಡದ್ದೊಂದು, ಇಂಗ್ಲಿಷಿನದೊಂದು. ಇಂಗ್ಲಿಷಿನದರ ಮೇಲೆ ಒಗೆದ ಟವೆಲ್ಲು ಹೊದಿಸಿರುತ್ತಿದ್ದ. ಕನ್ನಡದ್ದಕ್ಕೆ ಆ ಮರ್ಯಾದೆ ಇರಲಿಲ್ಲ, ಪುರುಸೊತ್ತು ಇರಲಿಲ್ಲವಲ್ಲ. ಹೊಡೆಯುತ್ತಿದ್ದುದು ಎರಡೇ ಬೆರಳಲ್ಲಿ. ಎಡಗೈಯ ಕಿರುಬೆರಳಿನ ಉಗುರು ಉದ್ದ ಬಿಟ್ಟಿದ್ದ, ಅದರಲ್ಲಿ ಸದಾ ಸುಣ್ಣ. ಎಲೆಗೆ ಸುಣ್ಣ ಸವರಿ, ಅದೇ ಉಗುರಿನಿಂದ ಕಾರ್ಬನ್ ಹಾಳೆಯ ಮೂಲೆ ಎತ್ತಿ, ಬೆಳಕಿಗೆ ಹಿಡಿದು, ಇದು ಇನ್ನೂ ಎರಡು ಅರ್ಜಿಗೆ ಬರ್ತೈತೋ ಇಲ್ಲೋ ಅಂತ ಲೆಕ್ಕ ಹಾಕುತ್ತಿದ್ದ. ಬೆಳಗಿನ ಮಂಡಕ್ಕಿ ಒಗ್ಗರಣೆ ಹೊಟ್ಟೆಗೆ ಬೀಳದೆ ಮಷಿನ್ನು ಮುಟ್ಟುವವನಲ್ಲ. "ಹಸಿದ ಹೊಟ್ಟ್ಯಾಗ ಸ್ಪೆಲ್ಲಿಂಗ್ ತಪ್ತೈತಿ ತಮ್ಮಾ," ಅಂದ. ನನಗೂ ತಿನ್ನಿಸಿದ. ಜೊತೆಗೆ ಉಪ್ಪು ಹಚ್ಚಿದ ಮಿರ್ಚಿ. ದುಡ್ಡು ಯಾರು ಕೊಟ್ಟರು ಅನ್ನುವುದರಲ್ಲಿ ನನ್ನ ನೆನಪು ನನಗೇ ಅನುಕೂಲವಾಗಿ ಮರೆತಿದೆ.

ಫ್ಯಾಕ್ಸ್ ಓದಿ ಅಜ್ಜ ನಗಲೂ ಇಲ್ಲ, ಲೊಚಗುಟ್ಟಲೂ ಇಲ್ಲ. "ಇದೇನು ಹೊಸಾದಲ್ಲ ಬಿಡು. ನಾ ಹುಟ್ಟಿದಾಗ ಈ ಹರಪನಹಳ್ಳಿ ಮದ್ರಾಸಿಗಿತ್ತು. ಐವತ್ಮೂರಾಗ ಮೈಸೂರಿಗೆ ಕೊಟ್ರು. ಎಪ್ಪತ್ಮೂರಾಗ ಮೈಸೂರು ಹೋಗಿ ಕರ್ನಾಟಕ ಆತು. ಈಗ ದಾವಣಗೆರಿ. ನಾ ಮಾತ್ರ ಇದ ಗಿಡದ ಕೆಳಗ ಕುಂತೀನಿ," ಅಂದ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ಬೇರೆಯಾದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅಜ್ಜನಿಗೆ ಅದು ಅರ್ಜಿಯ ತಲೆಬರಹ ಬದಲಾದ ದಿನ. ಮದ್ರಾಸಿನ ಕಾಲದ ಇಂಗ್ಲಿಷೇ ಇಂಗ್ಲಿಷು ಅನ್ನುವುದು ಅವನ ಖಚಿತ ಅಭಿಪ್ರಾಯ.

ನಾನು ಬರೆದು ಒಯ್ದಿದ್ದ ಕರಡನ್ನು ಅವನು ಕನ್ನಡಕ ಮೇಲೆ ಸರಿಸಿ ಓದಿದ. ಸರಳ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು, ಬಿ.ಇಡಿ.ಯಲ್ಲಿ ನಮಗೆ ಕಲಿಸಿದ್ದು ಹಾಗೆ. ಅಜ್ಜ ಹಾಳೆಯನ್ನು ನನ್ನ ಕೈಗೇ ವಾಪಸ್ ಇಟ್ಟ. "ಇದು ದೋಸ್ತಗ ಬರಿಯೋ ಕಾಗದ. 'ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್' ಎಲ್ಲೈತಿ? 'ಒನ್ ಅಂಡ್ ದ ಸೇಮ್' ಎಲ್ಲೈತಿ?"

"ಸೇಮ್ ಅಂದ್ರ ಸಾಕಲ್ಲ ಅಜ್ಜಾರ? ಅಷ್ಟೆಲ್ಲ ಯಾಕ?"

"ನೀ ಹುಡುಗ್ರಿಗೆ ಕಲಸಾಕ ಹೊಂಟಿ. ನಾ ಸಾಹೇಬ್ರ ಸಹಿ ಮಾಡಸಾಕ ಕುಂತೀನಿ."

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಟವೆಲ್ಲು ಸರಿಯಿತು, ಎರಡು ಬೆರಳು ಕುಣಿದವು. ಬಳ್ಳಾರಿ ಜಿಲ್ಲೆಯ ಉಚ್ಚಂಗಿದುರ್ಗವೂ ದಾವಣಗೆರೆ ಜಿಲ್ಲೆಯ ಉಚ್ಚಂಗಿದುರ್ಗವೂ ಒಂದೇ, ತಾಲ್ಲೂಕು ಮಾತ್ರ ಜಿಲ್ಲೆ ಬದಲಿಸಿದೆ ಅಂತ ತಹಶೀಲ್ದಾರರು ಪ್ರಮಾಣೀಕರಿಸಬೇಕೆಂದು ಕೋರುವ ಅರ್ಜಿ. ಅದರ ಕೆಳಗೆ ಅವರು ಕೊಡಬೇಕಾದ ಪ್ರಮಾಣಪತ್ರದ ಮಾದರಿಯೂ ಅವನದೇ. ಸಾಹೇಬರು ಬರೆಯುವ ತ್ರಾಸು ತಪ್ಪಿಸಿದರೆ ಸಹಿ ಬೇಗ ಬೀಳುತ್ತದೆ ಅನ್ನುವುದು ಅಷ್ಟು ವರ್ಷ ಮರದ ಕೆಳಗೆ ಕೂತು ಕಂಡುಕೊಂಡ ವಿದ್ಯೆ.

ಆದರೂ ಸಹಿ ಅವತ್ತು ಬೇಗ ಬೀಳಲಿಲ್ಲ. ಸಾಹೇಬರು ಹಳ್ಳಿಗಳ ಕಡೆ ಹೋಗಿದ್ದರು. ಮಧ್ಯಾಹ್ನ ಕಳೆಯಿತು. ಮೋಡ ಕಟ್ಟಿತು, ಹೇಳದೆ ಕೇಳದೆ ಮಳೆ ಹೊಡೆಯಿತು. ರಸ್ತೆಯ ತುಂಬ ಕೂಗಾಟ. ಆಫೀಸಿನ ವರಾಂಡದಲ್ಲಿ ಕೂತಿದ್ದವರೆಲ್ಲ, ಪಹಣಿಗೆ ಬಂದವರು, ಪಿಂಚಣಿಗೆ ಬಂದವರು, ಅಟೆಂಡರ್ ಸಮೇತ ಹೊರಗೆ ಓಡಿ, ಯಾರದೋ ಮೆಕ್ಕೆಜೋಳದ ಮೇಲೆ ತಾಡಪಾಲು ಎಳೆದೆವು. ಯಾರದು ಅಂತ ಯಾರೂ ಕೇಳಲಿಲ್ಲ. ಅಜ್ಜ ಮಾತ್ರ ಆ ಕಡೆ ಬರಲಿಲ್ಲ. ಇಂಗ್ಲಿಷ್ ಮಷಿನ್ನನ್ನು ಎದೆಗವಚಿಕೊಂಡು ವರಾಂಡ ಸೇರಿದ್ದ. ಕನ್ನಡದ್ದನ್ನು ನಾನು ಹೊತ್ತು ತಂದೆ. ಏನು ಭಾರ!

ಕತ್ತಲಾಗುವ ಹೊತ್ತಿಗೆ ಜೀಪು ಬಂತು. ಕರೆಂಟಿರಲಿಲ್ಲ. ಸಾಹೇಬರು ಅಟೆಂಡರ್ ಹಿಡಿದ ಬ್ಯಾಟರಿಯ ಬೆಳಕಿನಲ್ಲಿ ಓದಿದರು. 'ಒನ್ ಅಂಡ್ ದ ಸೇಮ್' ಅನ್ನುವಲ್ಲಿ ಪೆನ್ನಿನ ತುದಿ ಒಂದು ಸಲ ನಿಂತಿತು, ತಲೆ ಆಡಿತು, ಸಹಿ ಬಿತ್ತು. ಹೊರಗೆ ಬಂದು ಅಜ್ಜನ ಮುಖ ನೋಡುವ ಧೈರ್ಯ ಆಗಲಿಲ್ಲ. ಅವನು ಗೆದ್ದೆ ಅಂತ ಅನ್ನಲಿಲ್ಲ, ಕಡೇ ಬಸ್ಸು ಹೋಗ್ತೈತಿ ಓಡು ಅಂದ.

ಅಪ್ರೂವಲ್ ಬಂದದ್ದು ವಾರದ ಮೇಲೋ, ತಿಂಗಳ ಮೇಲೋ. ಅವ್ವ ಹೇಳುವುದೊಂದು, ಅಪ್ಪ ಹೇಳುವುದೊಂದು. ಹೋಳಿಗೆ, ಕಡಬು ಮಾಡಿ ಪಡ್ಲಿಗಿ ತುಂಬಿಸಿಕೊಂಡು ಗುಡ್ಡ ಹತ್ತಿ ಬಂದೆವು. ಆಗ ಕಾಸರಗೋಡಿನ ಗೆಳೆಯ ಫೋನಿನಲ್ಲಿ ಎಚ್ಚರಿಸಿದ: ಪೂಜೆಯ ಮೂರ್ತಿ ಗೀರ್ತಿ ತರಬೇಡ, ಇಲ್ಲಿಯ ಕಸ್ಟಮ್ಸಿನವರು ಬಿಡುವುದಿಲ್ಲ. ಉಚ್ಚಂಗೆಮ್ಮನ ಸಣ್ಣ ಮೂರ್ತಿಯನ್ನು ಅವ್ವ ಪೆಟ್ಟಿಗೆಯಿಂದ ತೆಗೆದು ಜಗಲಿಯ ಮೇಲಿಟ್ಟಳು. ಭಂಡಾರದ ಪೊಟ್ಟಣ ತೆಗೆಯಲಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿಗಳ ನಡುವೆ ಅದನ್ನೂ ತುರುಕಿ, "ಅರಿಶಿಣಪುಡಿ, ಪಲ್ಯಕ್ಕ ಅಂತ ಹೇಳು. ಸುಳ್ಳೇನಲ್ಲ," ಅಂದಳು. ಯಾರೂ ಕೇಳಲೇ ಇಲ್ಲ. ವಿಮಾನ ಇಳಿದದ್ದು ಹುಲುಲೆ ಅನ್ನುವ ದ್ವೀಪದಲ್ಲಿ. ಆಗ ಸೇತುವೆ ಇರಲಿಲ್ಲ, ದೋಣಿ ಹತ್ತಿ ಮಾಲೆಗೆ ಹೋಗಬೇಕು. ಅಪ್ರೂವಲ್ಲಿನ ಹಾಳೆ ನೋಡಿ ಅಲ್ಲಿನವನು ಸುಮ್ಮನೆ ಬಿಟ್ಟ. ಅಲ್ಲಿಂದ ಮುಂದೆ ಮೀನಿಲ್ಲದ ಊಟಕ್ಕೆ ಪಟ್ಟ ಪಾಡು ಇನ್ನೊಂದು ಸಂಜೆಯ ಮಾತು.

ನಾನು ವಾಪಸ್ ಬಂದು ಬಹಳ ಕಾಲವಾಯಿತು. ಈ ನಡುವೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟ ಸವಲತ್ತು ನಮಗೂ ಬೇಕು ಅಂತ ಹೋರಾಟವಾಗಿ 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಯಿತು; 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಮೊನ್ನೆ ಪಕ್ಕದ ಓಣಿಯ ಹುಡುಗಿಯೊಬ್ಬಳು ಫೈಲು ಹಿಡಿದು ಬಂದಳು. ಒಮಾನಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಕೆಲಸ. ಈಗ ಸರ್ಟಿಫಿಕೇಟಿಗೆ ಅಪಾಸ್ಟಿಲ್ ಅಂತ ಒಂದು ಸ್ಟಿಕ್ಕರ್ ಹಚ್ಚುತ್ತಾರೆ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ದಾವಣಗೆರೆ, ಪಾಸ್‌ಪೋರ್ಟಿನಲ್ಲಿ ಬಳ್ಳಾರಿ, ಆಧಾರಿನಲ್ಲಿ ವಿಜಯನಗರ. ನನ್ನ ಹಳೆಯ ಕಾರ್ಬನ್ ಪ್ರತಿ ಹುಡುಕಿ ಕೊಟ್ಟೆ. ಅವಳು ಮೊಬೈಲಿನಲ್ಲಿ ಅದನ್ನೇ ಟೈಪು ಮಾಡಿಕೊಂಡಳು. 'ಮೋಸ್ಟ್ ಹಂಬ್ಲಿ' ತೆಗೆದಳು, 'ಒನ್ ಅಂಡ್ ದ ಸೇಮ್' ಉಳಿಸಿಕೊಂಡಳು.

"ಸರ್, ಮಧ್ಯಾಹ್ನದೊಳಗ ಸಾಹೇಬ್ರು ಸಿಗ್ತಾರೇನ್ರಿ?" ಅಂತ ಕೇಳಿದಳು.

ಬುತ್ತಿ ಕಟ್ಟಿಕೊಂಡು ಹೋಗು ಅಂದೆ.